ಗೋಡೆ ಮೂರು ಇಂಚು ಆಚೆ ಹಾಕಿ: ನಕ್ಷೆಯೊಳಗಿನ ಅರವತ್ತು ವರ್ಷದ ಕತೆ

ಈಗ ಹಳ್ಳಿಯಲ್ಲೂ ಮನೆ ಕಟ್ಟುವ ಮಾತು ಶುರುವಾಗುವುದು ಫೋನಿನಲ್ಲೇ. ತಾಲ್ಲೂಕು ಕೇಂದ್ರದ ಎಂಜಿನಿಯರ್ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸುತ್ತಾರೆ. ಮನೆಯವರೆಲ್ಲ ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಾರೆ. ಅಡುಗೆಮನೆ ಇಕ್ಕಟ್ಟು ಅನ್ನಿಸುತ್ತದೆ, ಇಲ್ಲವೇ ಆಯ ನೋಡಿದವರು ಅಳತೆ ಬದಲಿಸಲು ಹೇಳಿರುತ್ತಾರೆ. "ಸರ್, ಆ ಗೋಡೆ ಒಂದು ಮೂರು ಇಂಚು ಆಚೆ ಹಾಕಿ" ಎಂದು ವಾಯ್ಸ್ ಮೆಸೇಜ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹೊಸ ಪಿಡಿಎಫ್ ಬರುತ್ತದೆ.

ಆ ಸ್ವಲ್ಪ ಹೊತ್ತಿನಲ್ಲಿ ಎಂಜಿನಿಯರ್ ಕಂಪ್ಯೂಟರಿನೊಳಗೆ ಏನಾಯಿತು? ಗೋಡೆ ನಿಜಕ್ಕೂ ಮೂರು ಇಂಚು ಸರಿಯಿತೇ, ಇಲ್ಲ ಅಂಕಿ ಮಾತ್ರ ಬದಲಾಯಿತೇ? ಯಾವ ಕಡೆಯಿಂದ ಮೂರು ಇಂಚು? ಸಾಲ ಮಾಡಿ, ಒಡವೆ ಅಡವಿಟ್ಟು ಮನೆ ಕಟ್ಟುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಗೊತ್ತಾಗಬೇಕಾದರೆ ನಕ್ಷೆಯಲ್ಲಿ ಗೋಡೆ ಸರಿಸುವ ಕೆಲಸದ ಚರಿತ್ರೆಯನ್ನೇ ಒಮ್ಮೆ ನೋಡಬೇಕು. ಬನ್ನಿ, ನೋಡೋಣ.

ಬ್ಲೇಡಿನಿಂದ ಕೆರೆಯುತ್ತಿದ್ದ ಕಾಲ

ಕಂಪ್ಯೂಟರ್ ಬರುವ ಮೊದಲು ನಕ್ಷೆ ಬರೆಯುತ್ತಿದ್ದುದು ಇಳಿಜಾರಾದ ದೊಡ್ಡ ಹಲಗೆಯ ಮೇಲೆ. ಟಿ ಆಕಾರದ ಪಟ್ಟಿ, ಮೂಲೆಮಟ್ಟದಂಥ ತ್ರಿಕೋನಗಳು, ಇಂಕ್ ಪೆನ್ನು, ಬೆಳಕು ಹಾಯುವ ಟ್ರೇಸಿಂಗ್ ಹಾಳೆ. ಗೋಡೆ ಸರಿಸಬೇಕೆಂದರೆ ಒಣಗಿದ ಇಂಕನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಹಾಳೆ ಹರಿಯಬಾರದು. ಕೆರೆದ ಜಾಗವನ್ನು ಉಜ್ಜಿ ನುಣುಪು ಮಾಡಿ ಮತ್ತೆ ಗೆರೆ ಎಳೆಯಬೇಕು.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅದೇ ಗೋಡೆ ಪಾಯದ ಹಾಳೆಯಲ್ಲಿದೆ, ಮುಂಭಾಗದ ನೋಟದಲ್ಲಿದೆ, ಕರೆಂಟಿನ ನಕ್ಷೆಯಲ್ಲೂ ಇದೆ. ಎಲ್ಲ ಹಾಳೆಗಳಲ್ಲೂ ತಿದ್ದಬೇಕು. ಒಂದು ಹಾಳೆ ಮರೆತರೆ ಪಾಯ ಒಂದು ಕಡೆ, ಗೋಡೆ ಇನ್ನೊಂದು ಕಡೆ. ತಿದ್ದಿದ ಮೇಲೆ ಪ್ರತಿ ತೆಗೆಯಬೇಕು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದಿಂದ ನೀಲಿ ಹಾಳೆಯ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ನಾವು ಇಂದಿಗೂ ಆಡುವ 'ಬ್ಲೂಪ್ರಿಂಟ್' ಎಂಬ ಮಾತು ಹುಟ್ಟಿದ್ದು ಹಾಗೆ. ಆಮೇಲೆ ಬಂದದ್ದು ಮೂಗಿಗೆ ಘಾಟು ಹೊಡೆಯುವ ಅಮೋನಿಯಾ ಪ್ರಿಂಟ್.

ಕೈ ಎಷ್ಟೇ ಪಳಗಿದ್ದರೂ ಹಾಳೆಗೆ ಒಂದು ಮಿತಿ ಇತ್ತು. ನೂರಕ್ಕೆ ಒಂದರ ಅಳತೆಯಲ್ಲಿ ಬರೆದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂದರೆ ನೆಲದ ಮೇಲೆ 5 ಸೆಂಟಿಮೀಟರ್, ಅಂದರೆ ಸುಮಾರು 2 ಇಂಚು. ಪೆನ್ನಿನ ಗೆರೆಯೇ 2 ಇಂಚು ತಿಂದರೆ 3 ಇಂಚು ಸರಿಸಿದ್ದು ಕಣ್ಣಿಗೆ ಕಾಣುವುದು ಹೇಗೆ? ಅದಕ್ಕೇ ಒಂದು ನಿಯಮ ಬೆಳೆಯಿತು: ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ಬರೆದ ಅಂಕಿಯನ್ನು ಓದಿ. ಹಾಳೆಯಲ್ಲಿ ಗೆರೆ ಬರೀ ಸೂಚನೆ, ಅಂಕಿಯೇ ಪ್ರಮಾಣ. ಈ ನಿಯಮ ನೆನಪಿರಲಿ. ಮುಂದೆ ಇದೇ ನಿಯಮ ಕಂಪ್ಯೂಟರಿನಲ್ಲಿ ತೊಂದರೆ ಕೊಡುತ್ತದೆ.

1963: ಗೆರೆಗೆ ಬುದ್ಧಿ ಬಂದದ್ದು

ಅಮೆರಿಕದ ಎಂಐಟಿ ಸಂಸ್ಥೆಯ ಲಿಂಕನ್ ಪ್ರಯೋಗಾಲಯದಲ್ಲಿ ಟಿಎಕ್ಸ್-2 ಎಂಬ ಭಾರಿ ಕಂಪ್ಯೂಟರ್ ಇತ್ತು. ಅದರ ಮುಂದೆ ಕೂತು ಇವಾನ್ ಸದರ್ಲೆಂಡ್ ಎಂಬ 24 ವರ್ಷದ ಸಂಶೋಧನಾ ವಿದ್ಯಾರ್ಥಿ 1963ರಲ್ಲಿ ತನ್ನ ಪಿಎಚ್‌ಡಿ ಕೆಲಸ ಮುಗಿಸಿದ. ಅದರ ಹೆಸರು ಸ್ಕೆಚ್‌ಪ್ಯಾಡ್. ಬೆಳಕು ಗುರುತಿಸುವ ಪೆನ್ನನ್ನು ಪರದೆಗೆ ಹಿಡಿದರೆ ಗೆರೆ ಮೂಡುತ್ತಿತ್ತು.

ಗೆರೆ ಮೂಡಿದ್ದು ದೊಡ್ಡ ಸಂಗತಿಯಲ್ಲ. ಸ್ಕೆಚ್‌ಪ್ಯಾಡ್‌ನಲ್ಲಿ ಗೆರೆಗಳಿಗೆ ಕಟ್ಟುಪಾಡು ಹಾಕಬಹುದಿತ್ತು. ಸೊಟ್ಟಪಟ್ಟ ನಾಲ್ಕು ಗೆರೆ ಎಳೆದು, ಈ ಎರಡು ಒಂದಕ್ಕೊಂದು ಸಮಾನಾಂತರ ಇರಲಿ, ಇವು ಒಂದೇ ಉದ್ದ ಇರಲಿ ಎಂದರೆ ಕಂಪ್ಯೂಟರೇ ಲೆಕ್ಕ ಹಾಕಿ ನೆಟ್ಟಗೆ ಮಾಡುತ್ತಿತ್ತು. ಹಾಳೆಯ ಮೇಲಿನ ಇಂಕಿಗೆ ತಾನು ಯಾರ ಪಕ್ಕ ಇದ್ದೇನೆ ಎಂಬುದು ಗೊತ್ತಿಲ್ಲ. ಈ ಗೆರೆಗಳಿಗೆ ಗೊತ್ತಿತ್ತು. 1988ರಲ್ಲಿ ಸದರ್ಲೆಂಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಆದರೆ ಅಂಥ ಯಂತ್ರ ಎಷ್ಟು ಜನಕ್ಕೆ ಸಿಗಬೇಕು? ಮುಂದಿನ 20 ವರ್ಷ ಈ ವಿದ್ಯೆ ವಿಮಾನ, ಕಾರು ತಯಾರಿಸುವ ದೊಡ್ಡ ಕಂಪನಿಗಳ ಮನೆಯೊಳಗೇ ಉಳಿಯಿತು. ಮನೆ ಕಟ್ಟುವವರ ಕೈಗೆ ಬರಲಿಲ್ಲ.

1982: ಮೇಜಿನ ಮೇಲೆ ಬಂದ ನಕ್ಷೆ

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಾಕರ್ ಮತ್ತು ಸಂಗಡಿಗರು ಆಟೋಡೆಸ್ಕ್ ಕಂಪನಿ ಕಟ್ಟಿದರು. ಅದೇ ವರ್ಷದ ಕೊನೆಗೆ ಆಟೋಕ್ಯಾಡ್ ಬಂತು. ಅದರ ಹೆಚ್ಚುಗಾರಿಕೆ ಒಂದೇ: ಮೇಜಿನ ಮೇಲೆ ಇಡುವ ಸಣ್ಣ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿತ್ತು. ಇವತ್ತು ನಮ್ಮ ತಾಲ್ಲೂಕು ಕೇಂದ್ರಗಳ ಸಣ್ಣ ಕಚೇರಿಗಳಲ್ಲೂ ನಕ್ಷೆ ಎಂದರೆ ಹೆಚ್ಚಾಗಿ ಆಟೋಕ್ಯಾಡೇ.

ಇಲ್ಲಿ ಗೆರೆಯ ದಪ್ಪದ ಕಾಟ ಹೋಯಿತು. ಕಂಪ್ಯೂಟರಿನೊಳಗೆ ಗೆರೆ ಎಂದರೆ ಎರಡು ತುದಿಗಳ ಲೆಕ್ಕ ಮಾತ್ರ. ಗೋಡೆಯನ್ನು ಹಿಡಿದು, ದಿಕ್ಕು ಹೇಳಿ, 3 ಎಂದು ಟೈಪ್ ಮಾಡಿದರೆ ಸರಿಯಾಗಿ 3 ಸರಿಯುತ್ತದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಆದರೆ 3 ಎಂದರೆ ಏನು? ಗೆರೆ ಎಳೆಯುವಾಗ ಆಟೋಕ್ಯಾಡ್ ಎಣಿಸುವುದು ಬರೀ ಅಂಕಿಗಳನ್ನು. ಅದು ಇಂಚೋ, ಮಿಲಿಮೀಟರೋ ಎಂಬುದು ಬರೆಯುವವರ ತಲೆಯಲ್ಲಿರಬೇಕು. ನಮ್ಮ ದೇಶದಲ್ಲಿ 1956ರ ಕಾನೂನು ಮೀಟರ್ ಪದ್ಧತಿ ತಂದಿತು, ಆದರೂ ಸೈಟು 30-40, ಕೋಣೆ 10-12, ಗೋಡೆ 9 ಇಂಚು ಎಂಬ ಮಾತು ಹೋಗಲಿಲ್ಲ. ಮಿಲಿಮೀಟರಿನಲ್ಲಿ ಬರೆದ ನಕ್ಷೆಯಲ್ಲಿ ಇಂಚಿನ ಲೆಕ್ಕದಲ್ಲಿ 3 ಒತ್ತಿದರೆ ಗೋಡೆ ಸರಿಯುವುದು 3 ಮಿಲಿಮೀಟರ್. ಅಲ್ಲಿ 76.2 ಎಂದು ಒತ್ತಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್ ತಾನೇ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಆಟೋಕ್ಯಾಡ್‌ನಲ್ಲಿ ಸಾಮಾನ್ಯವಾಗಿ ಗೋಡೆ ಎಂದರೆ ಎರಡು ಗೆರೆ, ಅಷ್ಟೇ. ಅದು ಗೋಡೆ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಎರಡು ಗೆರೆಯನ್ನೂ ಹಿಡಿಯಬೇಕು, ನಡುವಿನ ಬಾಗಿಲನ್ನೂ ಹಿಡಿಯಬೇಕು, ಅದಕ್ಕೆ ತಾಗಿದ ಅಡ್ಡಗೋಡೆಗಳ ತುದಿ ಹಿಗ್ಗಬೇಕು. ಇದಕ್ಕೆ 'ಸ್ಟ್ರೆಚ್' ಎಂಬ ಆಜ್ಞೆ ಇದೆ. ಬಲದಿಂದ ಎಡಕ್ಕೆ ಒಂದು ಚೌಕ ಎಳೆದರೆ, ಚೌಕದೊಳಗೆ ಬಿದ್ದ ತುದಿಗಳು ಸರಿಯುತ್ತವೆ, ಹೊರಗಿನ ತುದಿಗಳು ಇದ್ದಲ್ಲೇ ನಿಲ್ಲುತ್ತವೆ, ನಡುವಿನ ಗೆರೆ ರಬ್ಬರಿನಂತೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಚೌಕ ಎಳೆಯುವಾಗ ಕಣ್ತಪ್ಪಿ ಒಂದು ಗೆರೆ ಹೊರಗುಳಿದರೆ? ಗೋಡೆಯ ಒಂದು ಮುಖ ಮಾತ್ರ 3 ಇಂಚು ಆಚೆ ಹೋಗುತ್ತದೆ. 9 ಇಂಚಿನ ಗೋಡೆ 12 ಇಂಚಾಗುತ್ತದೆ. ಕಂಪ್ಯೂಟರ್ ಚಕಾರ ಎತ್ತುವುದಿಲ್ಲ.

ಮೂರನೆಯದು ಅಂಕಿಯ ಕತೆ. ಆಟೋಕ್ಯಾಡ್ ಅಳತೆಯನ್ನು ತಾನೇ ಅಳೆದು ಬರೆಯುತ್ತದೆ. ಆದರೆ ಆ ಅಂಕಿಯ ಮೇಲೆ ಬೇರೆ ಅಂಕಿ ಬರೆಯಲೂ ಬಿಡುತ್ತದೆ. ಅವಸರದಲ್ಲಿ ಗೋಡೆ ಸರಿಸದೆ ಅಂಕಿ ಮಾತ್ರ ತಿದ್ದಿದರೆ ಹಾಳೆ ನೋಡಲು ಸರಿಯಾಗಿಯೇ ಇರುತ್ತದೆ. "ಬರೆದ ಅಂಕಿಯನ್ನು ಓದಿ" ಎಂಬ ಹಲಗೆ ಕಾಲದ ನಿಯಮ ಇಲ್ಲಿ ಎಡವುತ್ತದೆ. ಒಂದೊಂದು ಕೋಣೆಯ ಅಂಕಿ ಕೂಡಿದರೆ ಮನೆಯ ಒಟ್ಟು ಉದ್ದಕ್ಕೆ ತಾಳೆಯಾಗುವುದಿಲ್ಲ. ಅದು ಗೊತ್ತಾಗುವುದು ಮೇಸ್ತ್ರಿ ದಾರ ಕಟ್ಟಿದಾಗ.

ಗೆರೆಯಿಂದ ಗೋಡೆಗೆ

ಗೆರೆ ಬರೆಯುವುದೇ ತಪ್ಪು ದಾರಿ, ಕಂಪ್ಯೂಟರಿನೊಳಗೆ ಕಟ್ಟಡವನ್ನೇ ಕಟ್ಟಬೇಕು ಎಂದು 1970ರ ದಶಕದಲ್ಲೇ ಹೇಳಿದವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಈಸ್ಟ್‌ಮನ್. ಒಂದೇ ಗೋಡೆಯನ್ನು ಹತ್ತು ಹಾಳೆಯಲ್ಲಿ ಬರೆಯುವ ಬದಲು ಒಮ್ಮೆ ಕಂಪ್ಯೂಟರಿನಲ್ಲಿ ಇಟ್ಟರೆ ಹತ್ತೂ ನೋಟವನ್ನು ಅದರಿಂದಲೇ ತೆಗೆಯಬಹುದು ಎಂಬುದು ಅವರ ಯೋಚನೆ.

1982ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಗಾಬೋರ್ ಬೊಯಾರ್ ಗ್ರಾಫಿಸಾಫ್ಟ್ ಕಂಪನಿ ಆರಂಭಿಸಿದರು. ಆಗ ಅದು ಕಮ್ಯುನಿಸ್ಟ್ ದೇಶ, ಒಳ್ಳೆಯ ಕಂಪ್ಯೂಟರ್ ಸಿಗುವುದೇ ಕಷ್ಟ. ಪಾಕ್ಸ್ ಅಣುಸ್ಥಾವರದ ಪೈಪುಗಳ ಮೂರು ಆಯಾಮದ ಮಾದರಿ ಮಾಡಿಕೊಟ್ಟ ಆ ತಂಡವೇ ಮುಂದೆ ಆರ್ಕಿಕ್ಯಾಡ್ ತಂದಿತು. ಅದರಲ್ಲಿ ಗೋಡೆ ಎಂದರೆ ಎತ್ತರ, ದಪ್ಪ ಇರುವ ಗೋಡೆಯೇ.

ಗೋಡೆ ಸರಿಸುವ ಕತೆಗೆ ದೊಡ್ಡ ತಿರುವು ಕೊಟ್ಟದ್ದು ರೆವಿಟ್. ಯಂತ್ರದ ಬಿಡಿಭಾಗ ವಿನ್ಯಾಸ ಮಾಡುವ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿದಿದ್ದ ಲಿಯೊನಿಡ್ ರೈಜ್ ಮತ್ತು ಅರ್ವಿನ್ ಯುಂಗ್ರೈಸ್ 1997ರಲ್ಲಿ ಹೊಸ ಕಂಪನಿ ತೆರೆದರು. ಸಾವಿರ ಬಿಡಿಭಾಗಗಳ ಯಂತ್ರದಲ್ಲಿ ಒಂದು ಅಳತೆ ಬದಲಿಸಿದರೆ ಉಳಿದವು ತಾವೇ ಹೊಂದಿಕೊಳ್ಳುವುದು ಅವರಿಗೆ ಗೊತ್ತಿತ್ತು. ಕಟ್ಟಡಕ್ಕೆ ಅದು ಯಾಕಾಗಬಾರದು? 2000ದಲ್ಲಿ ರೆವಿಟ್ ಹೊರಬಂತು. ಕೂಡಲೇ ತಿದ್ದು ಎಂಬರ್ಥದ ಇಂಗ್ಲಿಷ್ ಮಾತಿನಿಂದ ಕಟ್ಟಿದ ಹೆಸರದು. 2002ರಲ್ಲಿ ಆಟೋಡೆಸ್ಕ್ ಅದನ್ನು ಸುಮಾರು 13.3 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ರೆವಿಟ್‌ನಲ್ಲಿ ಗೋಡೆಯನ್ನು ಮುಟ್ಟಿದರೆ ಅಕ್ಕಪಕ್ಕದ ಗೋಡೆಗಿರುವ ದೂರ ನೀಲಿ ಅಂಕಿಯಲ್ಲಿ ಕಾಣುತ್ತದೆ. ಆ ಅಂಕಿಯನ್ನು ಮುಟ್ಟಿ ಬೇಕಾದ ಅಳತೆ ಟೈಪ್ ಮಾಡಿದರೆ ಗೋಡೆ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಬಾಗಿಲು ಜೊತೆಗೆ ಹೋಗುತ್ತದೆ, ಕೂಡಿಕೊಂಡ ಅಡ್ಡಗೋಡೆ ಹಿಗ್ಗುತ್ತದೆ, ಬೇರೆ ನೋಟಗಳಲ್ಲೂ ಬದಲಾಗುತ್ತದೆ. ಅಳತೆಗೆ ಬೀಗ ಹಾಕಬಹುದು. ಮೂರಡಿ ನಡೆದಾಡುವ ಜಾಗ ಮೂರಡಿಯೇ ಇರಲಿ ಎಂದು ಬೀಗ ಹಾಕಿದರೆ, ಆಮೇಲೆ ಅದನ್ನು ಮುರಿಯಲು ಹೋದವರಿಗೆ ಸಾಫ್ಟ್‌ವೇರ್ ತಕರಾರು ಎತ್ತುತ್ತದೆ. ಇನ್ನೊಂದು ಒಳ್ಳೆಯ ಗುಣ: ಅಳತೆಯ ಅಂಕಿ ಅಳಿಸಿ ಅಲ್ಲಿ ನೇರವಾಗಿ ಬೇರೆ ಅಂಕಿ ಬರೆಯಲು ಅದು ಒಪ್ಪುವುದಿಲ್ಲ. ಅಂಕಿ ಬದಲಾಗಬೇಕಾದರೆ ಗೋಡೆಯೇ ಸರಿಯಬೇಕು. 1963ರಲ್ಲಿ ಸದರ್ಲೆಂಡ್ ತೋರಿಸಿದ ಕಟ್ಟುಪಾಡು ಹೀಗೆ ಮನೆಯ ಗೋಡೆಗೂ ಬಂತು.

ಯಾವ ಗೋಡೆ, ಯಾವ ಮುಖ?

ಇಷ್ಟಾದರೂ ಒಂದು ಪ್ರಶ್ನೆಯನ್ನು ಯಾವ ಸಾಫ್ಟ್‌ವೇರೂ ನಮ್ಮ ಪರವಾಗಿ ತೀರ್ಮಾನಿಸುವುದಿಲ್ಲ. ಅಳತೆ ಎಲ್ಲಿಂದ ಎಲ್ಲಿಗೆ?

ಗೋಡೆಗೆ ದಪ್ಪ ಇದೆ. ಒಳಮುಖದಿಂದ ಅಳೆಯಬಹುದು, ಹೊರಮುಖದಿಂದ ಅಳೆಯಬಹುದು, ನಟ್ಟನಡುವಿನ ಗೆರೆಯಿಂದಲೂ ಅಳೆಯಬಹುದು. ಪ್ಲಾಸ್ಟರ್ ಸೇರಿಸಿ ಅಳೆಯಬಹುದು, ಬಿಟ್ಟು ಅಳೆಯಬಹುದು. ಈ ಆಯ್ಕೆಗಳೆಲ್ಲ ರೆವಿಟ್‌ನಲ್ಲಿವೆ, ಆರಿಸುವವರು ಮನುಷ್ಯರು. ಆಯದ ಲೆಕ್ಕದಲ್ಲೂ ಒಳ ಅಳತೆ ಹಿಡಿಯುವವರಿದ್ದಾರೆ, ಹೊರ ಅಳತೆ ಹಿಡಿಯುವವರೂ ಇದ್ದಾರೆ.

ಒಂದು ಲೆಕ್ಕ ನೋಡಿ. ಎರಡು ಗೋಡೆಗಳ ನಡುಗೆರೆಯಿಂದ ನಡುಗೆರೆಗೆ 10 ಅಡಿ ಎಂದು ನಕ್ಷೆಯಲ್ಲಿದೆ. ಗೋಡೆ 9 ಇಂಚಿನವು. ಎರಡೂ ಕಡೆ ನಾಲ್ಕೂವರೆ ಇಂಚು ಹೋದರೆ ಒಳಗೆ ಉಳಿಯುವುದು 9 ಅಡಿ 3 ಇಂಚು. ಅರ್ಧರ್ಧ ಇಂಚು ಪ್ಲಾಸ್ಟರ್ ಬಳಿದರೆ 9 ಅಡಿ 2 ಇಂಚು. ಆರೂವರೆ ಅಡಿ ಮಂಚ, ಎದುರಿಗೆ ಎರಡಡಿ ಆಳದ ಬೀರು ಇಟ್ಟರೆ ಮಿಗುವುದು 8 ಇಂಚು. ಮನುಷ್ಯರು ಹಾಯಲು ಸಾಲದು. ಅದೇ ಒಳ ಅಳತೆಯೇ 10 ಅಡಿ ಇದ್ದಿದ್ದರೆ ಒಂದೂವರೆ ಅಡಿ ಮಿಗುತ್ತಿತ್ತು. ಎರಡೂ ನಕ್ಷೆಯಲ್ಲಿ ಬರೆದಿರುವುದು 10 ಅಡಿ ಎಂದೇ.

ಇನ್ನು ಯಾವ ಗೋಡೆ ಸರಿಯಬೇಕು ಎಂಬುದು. ಕೋಣೆಗೆ ಎರಡು ಕಡೆ ಗೋಡೆ. ಅಂಕಿ ಬದಲಿಸಿದಾಗ ರೆವಿಟ್ ಸರಿಸುವುದು ಆಗ ಆರಿಸಿಕೊಂಡಿರುವ ಗೋಡೆಯನ್ನು. ಒಳಗೋಡೆ ಆರಿಸಿದರೆ ಪಕ್ಕದ ಪಡಸಾಲೆ 3 ಇಂಚು ಕಳೆದುಕೊಳ್ಳುತ್ತದೆ. ಹೊರಗೋಡೆ ಆರಿಸಿದರೆ ಮನೆಯೇ ಪಕ್ಕದವರ ಕಡೆಗೆ 3 ಇಂಚು ಹೋಗುತ್ತದೆ. ಹಳ್ಳಿಯಲ್ಲಿ 3 ಇಂಚಿಗೆ ಎಂಥೆಂಥ ಜಗಳ ನಡೆದಿವೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಪರದೆಯ ಗೋಡೆಗೆ ತೂಕವಿಲ್ಲ

ಪರದೆಯ ಮೇಲಿನ ಗೋಡೆ ಬೆರಳಿಗೆ ಸರಿಯುತ್ತದೆ. ನೆಲದ ಮೇಲಿನದು ಹಾಗಲ್ಲ. 10 ಅಡಿ ಉದ್ದ, 10 ಅಡಿ ಎತ್ತರ, 9 ಇಂಚು ದಪ್ಪದ ಇಟ್ಟಿಗೆ ಗೋಡೆ ಸುಮಾರು 4 ಟನ್ ತೂಗುತ್ತದೆ. ಆ ಭಾರ ಕೆಳಗಿನ ಪಾಯದ ಮೇಲೋ ಬೀಮಿನ ಮೇಲೋ ಕೂರಬೇಕು. ಪಾಯ ತೆಗೆದ ಮೇಲೆ, ಕಂಬಿ ಕಟ್ಟಿದ ಮೇಲೆ ಗೋಡೆಯನ್ನು ಮಾತ್ರ ಸರಿಸಿದರೆ ಗೋಡೆ ಒಂದು ಕಡೆ, ಅದನ್ನು ಹೊರುವುದು ಇನ್ನೊಂದು ಕಡೆ ಆಗುತ್ತದೆ. ಹಾಗಾಗಿ ಗೋಡೆ ಸರಿಸಿದ ನಕ್ಷೆ ಬಂದಾಗ ಪಾಯದ ಮತ್ತು ಬೀಮಿನ ನಕ್ಷೆಯೂ ಹೊಸದಾಗಿ ಬಂದಿದೆಯೇ ನೋಡಬೇಕು.

ನಕ್ಷೆ ಕೈಗೆ ಬಂದಾಗ ಎಂಜಿನಿಯರ್ ಹತ್ತಿರ ನಾಲ್ಕು ಮಾತು ಕೇಳಿ. ಇದು ಒಳ ಅಳತೆಯೋ, ನಡುಗೆರೆಯ ಅಳತೆಯೋ? ಪ್ಲಾಸ್ಟರ್ ಸೇರಿದೆಯೋ ಇಲ್ಲವೋ? ಸರಿದದ್ದು ಯಾವ ಗೋಡೆ, ಜಾಗ ಕಳೆದುಕೊಂಡ ಕೋಣೆ ಯಾವುದು? ಮೇಸ್ತ್ರಿ ಕೈಯಲ್ಲಿರುವುದು ಹೊಸ ನಕ್ಷೆಯೋ, ಹೋದ ವಾರದ್ದೋ? ಆಮೇಲೆ ಒಂದು ಚೀಟಿ ಹಿಡಿದು ಒಂದು ಸಾಲಿನ ಕೋಣೆಗಳ ಅಳತೆ, ಗೋಡೆಗಳ ದಪ್ಪ ಕೂಡಿಸಿ ನೋಡಿ. ಮೊತ್ತ ಹೊರಗಿನ ಒಟ್ಟು ಅಳತೆಗೆ ಸರಿಹೊಂದಬೇಕು. ಇದಕ್ಕೆ ಸಾಫ್ಟ್‌ವೇರ್ ಬೇಡ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೂ ಮಾಡಬಲ್ಲರು.

ಇವೆಲ್ಲ ಸುಣ್ಣದ ಗೆರೆ ಹಾಕುವ ಮೊದಲೇ ಆಗಬೇಕು. ಆ ಗೆರೆಯನ್ನು ಕಾಲಿನಿಂದ ಅಳಿಸಿ ಮತ್ತೆ ಹಾಕಲು ಐದು ನಿಮಿಷ ಸಾಕು. ಪಾಯಕ್ಕೆ ಕಲ್ಲು ಬಿದ್ದ ಮೇಲೆ ಒಂದೊಂದು ಇಂಚಿಗೂ ದುಡ್ಡು ತೆರಬೇಕು.