ಕೆಂಪು ಮುಗಿಲಿನ ಸಾಕ್ಷಿಗಳು

ಯರಗುಪ್ಪಿಯ ಎರಿಹೊಲದಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರವೂ ಬಯಲು. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದವರಿಗೆ ಕಾಣುವುದೆಲ್ಲ ಆಕಾಶವೇ. ಹೊತ್ತಲ್ಲದ ಹೊತ್ತಿನಲ್ಲಿ ಮುಗಿಲು ಕೆಂಪೇರಿದರೆ ಕೇಡು ಕಾದಿದೆ ಎಂದು ಹಿರಿಯರು ಹೇಳುವುದನ್ನು ಕೇಳುತ್ತಲೇ ನಾವು ಬೆಳೆದೆವು. ಯಾರಿಗೆ ಕೇಡು, ಕಂಡವರು ಯಾರು ಎಂದು ಮರಳಿ ಕೇಳಲಿಲ್ಲ.

ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಒಬ್ಬಾತ ಹಾಗೆ ಕೇಳಿದ. ಕ್ರಿ.ಶ. 921ರಲ್ಲಿ ಅಬ್ಬಾಸಿ ಖಲೀಫ ಅಲ್ ಮುಕ್ತದಿರ್ ವೋಲ್ಗಾ ತೀರದ ಬುಲ್ಗಾರರ ಅರಸನ ಬಳಿಗೆ ಬಗ್ದಾದಿನಿಂದ ಒಂದು ನಿಯೋಗ ಕಳಿಸಿದ. ಅದರಲ್ಲಿದ್ದ ಅಹ್ಮದ್ ಇಬ್ನ್ ಫದ್ಲಾನ್ 922ರ ಮೇ ತಿಂಗಳಲ್ಲಿ ಅಲ್ಲಿಗೆ ತಲುಪಿದ. ಅಲ್ಲಿನ ಆಕಾಶದಲ್ಲಿ ಬೆಂಕಿಯಂಥ ಕೆಂಪು ಮೋಡಗಳು ಕಂಡವು. ಅವುಗಳಲ್ಲಿ ಈಟಿ, ಕತ್ತಿ ಹಿಡಿದ ಎರಡು ಸೈನ್ಯಗಳು ಒಂದರ ಮೇಲೊಂದು ಬೀಳುವಂತೆ ಆತನಿಗೆ ತೋರಿತು. ಬಗ್ದಾದಿನವರು ಹೆದರಿ ದುಆ ಮಾಡತೊಡಗಿದರೆ ಊರವರು ನಕ್ಕರು. ವಿಚಾರಿಸಿದಾಗ ಅರಸ, ಇವು ಜಿನ್ನ್‌ಗಳು, ವಿಶ್ವಾಸಿಗಳೂ ಅವಿಶ್ವಾಸಿಗಳೂ ದಿನವೂ ಕಾದಾಡುತ್ತಾರೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು ಎಂದ.

ಅದು ಉತ್ತರ ಧ್ರುವಪ್ರಭೆಯ ವರ್ಣನೆಯೆಂದು ವಿದ್ವಾಂಸರು ಗುರುತಿಸುತ್ತಾರೆ. ಸೂರ್ಯನಿಂದ ಹೊರಟ ವಿದ್ಯುತ್ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವಗಳತ್ತ ಎಳೆದೊಯ್ಯುತ್ತದೆ. ಅವು ಮೇಲಿನ ವಾಯುವಿನ ಆಮ್ಲಜನಕ, ಸಾರಜನಕಕ್ಕೆ ಬಡಿದಾಗ ಬೆಳಕು ಮೂಡುತ್ತದೆ. ನೂರು ಕಿಲೋಮೀಟರಿಗಿಂತ ತುಸು ಮೇಲೆ ಹಸಿರು, ಇನ್ನೂ ಎತ್ತರದಲ್ಲಿ ಕೆಂಪು.

ಸೂರ್ಯನ ಬಿರುಗಾಳಿ ಜೋರಾದರೆ ಆ ಬೆಳಕು ದಕ್ಷಿಣಕ್ಕೂ ಇಳಿಯುತ್ತದೆ. 1859ರ ಸೆಪ್ಟೆಂಬರಿನಲ್ಲಿ ಎದ್ದ ಮಹಾಬಿರುಗಾಳಿಗೆ ಭೂಮಿಯ ಕಾಂತಕ್ಷೇತ್ರ ತತ್ತರಿಸಿದ್ದನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯ ದಾಖಲಿಸಿತು. ಧಾರವಾಡ ಜಿಲ್ಲೆ ಆಗ ಅದೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಯಾವ ಕೈ ಬರೆಯಿತೋ, ಆ ಅಂಕಿಗಳನ್ನು ವಿಜ್ಞಾನಿಗಳು ಇಂದಿಗೂ ಆಧಾರವಾಗಿ ಬಳಸುತ್ತಾರೆ. 1872ರ ಫೆಬ್ರವರಿ 4ರಂದು ಮುಂಬಯಿಯಲ್ಲೇ ಧ್ರುವಪ್ರಭೆ ಕಂಡಿತೆಂದು ಅಲ್ಲಿನ ಪತ್ರಿಕೆ ವರದಿ ಮಾಡಿತು. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿದ್ದನ್ನು ಸೆರೆಹಿಡಿದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾ.

ಇಬ್ನ್ ಫದ್ಲಾನನಿಗೆ ಈ ಕಾರಣಗಳೊಂದೂ ತಿಳಿದಿರಲಿಲ್ಲ. ಆದರೂ ಆತನ ಮಾತು ಉಳಿಯಿತು. ತಾನು ಕಂಡದ್ದನ್ನು ಕಂಡದ್ದೆಂದು, ಅಜ್ಜಂದಿರು ಹೇಳಿದ್ದನ್ನು ಅಜ್ಜಂದಿರು ಹೇಳಿದ್ದೆಂದು ಆತ ಬರೆದ. ತಾನು ಹೆದರಿದ್ದನ್ನೂ, ಜನ ತನ್ನನ್ನು ನೋಡಿ ನಕ್ಕದ್ದನ್ನೂ ಮುಚ್ಚಿಡಲಿಲ್ಲ. ಕೊಲಾಬಾದ ಅಂಕಿ ಬರೆದವರದೂ ಇದೇ ಗುಣ.

ಇಂದು ನಮ್ಮ ಊರುಗಳಲ್ಲಿ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಬೆಳಗಾಗುವಷ್ಟರಲ್ಲಿ ನೆರೆಹೊರೆಯವರನ್ನು ಎರಡು ಸೈನ್ಯಗಳನ್ನಾಗಿ ಮಾಡಬಲ್ಲದು. ಅದನ್ನು ಮುಂದೆ ಕಳಿಸುವ ಮುನ್ನ, ಇದು ನಾವು ಕಂಡದ್ದೋ ಬರೇ ಕೇಳಿದ್ದೋ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಎಷ್ಟೋ ಕಾದಾಟಗಳು ಮುಗಿಲಲ್ಲೇ ಉಳಿದುಬಿಡುತ್ತವೆ.