ಬರ್ಲಿನ್‌ನಲ್ಲಿ ಸಿಕ್ಕ ಬ್ರೆಜಿಲ್: ಫಿಲೋಡೆಂಡ್ರಾನ್ ಗಿಡದ ಕಥೆ

ಇವತ್ತಿನ ಕಂತು ಒಂದು ಗಿಡದ ಚರಿತ್ರೆ. ಕೆಫೆ, ಆಫೀಸು, ಬಾಲ್ಕನಿ ಎಲ್ಲೆಲ್ಲೂ ಹೃದಯದ ಆಕಾರದ ಎಲೆ ಬಿಟ್ಕೊಂಡು ಜೋತಾಡೋ ಫಿಲೋಡೆಂಡ್ರಾನ್. ಬಹಳ ಜನ ಇದನ್ನ ಮನಿ ಪ್ಲಾಂಟ್ ಅಂದ್ಕೊಳ್ತಾರೆ. ಅದು ಬೇರೆ, ಇದು ಬೇರೆ. ಮನಿ ಪ್ಲಾಂಟ್ ಪೆಸಿಫಿಕ್ ದ್ವೀಪದ್ದು, ಫಿಲೋಡೆಂಡ್ರಾನ್ ಅಮೆರಿಕ ಖಂಡದ ಬಿಸಿ ಕಾಡುಗಳದ್ದು. ದಾಯಾದಿಗಳು ಅನ್ನಬಹುದು, ಅಷ್ಟೇ.

"ಇದಕ್ಕೆ ಎಷ್ಟು ನೀರು ಹಾಕ್ಬೇಕು, ಎಲ್ಲಿ ಇಡ್ಬೇಕು?" ಅಂತ ಕೇಳುಗರು ಮೆಸೇಜ್ ಹಾಕ್ತಾನೇ ಇರ್ತಾರೆ. ನಾನು ಬಿ.ಕಾಂ ಓದಿದೋನು, ಸಸ್ಯಶಾಸ್ತ್ರಜ್ಞ ಅಲ್ಲ. ಆದ್ರೆ ಉತ್ತರ ಈ ಗಿಡದ ಚರಿತ್ರೆಯಲ್ಲೇ ಇದೆ. ಬನ್ನಿ, ಅಲ್ಲಿಂದಲೇ ಶುರು ಮಾಡೋಣ.

1817. ಆಸ್ಟ್ರಿಯಾದ ರಾಜಕುಮಾರಿ ಲಿಯೋಪೋಲ್ಡಿನಾಗೆ ರಾಜಕುಮಾರ ಪೆಡ್ರೊ ಜೊತೆ ಮದುವೆಯಾಗಿ, ಆಕೆ ಬ್ರೆಜಿಲ್‌ಗೆ ಹೊರಟಳು. ಅದೇ ನೆಪದಲ್ಲಿ ವಿಜ್ಞಾನಿಗಳ ಒಂದು ತಂಡವೂ ಹಡಗು ಹತ್ತಿತು. ಅದರಲ್ಲಿದ್ದ ತೋಟಗಾರ ಹೈನ್‌ರಿಚ್ ಶಾಟ್‌ಗೆ ಆಗ 23 ವರ್ಷ. 1821ರವರೆಗೆ ಬ್ರೆಜಿಲ್‌ನಲ್ಲಿದ್ದು ವಾಪಸ್ ಹೋದವನು ಮುಂದೆ ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ತೋಟಗಳಿಗೇ ನಿರ್ದೇಶಕನಾದ. 1829ರಲ್ಲಿ ಈ ಗಿಡಗಳ ಗುಂಪಿಗೆ ಹೆಸರಿಟ್ಟವನೂ ಅವನೇ. ಗ್ರೀಕ್‌ನಲ್ಲಿ 'ಫಿಲೋ' ಅಂದ್ರೆ ಪ್ರೀತಿ, 'ಡೆಂಡ್ರಾನ್' ಅಂದ್ರೆ ಮರ. ಮರವನ್ನು ಪ್ರೀತಿಸುವ ಗಿಡ.

ಕಾಡಿನಲ್ಲಿ ಇದು ಮರವನ್ನು ತಬ್ಬಿಕೊಂಡು ಮೇಲೇರುತ್ತೆ. ಬಂದಳಿಕೆ ಥರ ಮರದ ರಸ ಹೀರೋದಿಲ್ಲ, ಆಸರೆ ಮಾತ್ರ ಕೇಳುತ್ತೆ. ದೊಡ್ಡ ಮರಗಳ ಕೆಳಗೆ ಸೋಸಿ ಬರೋ ಬೆಳಕೇ ಅದಕ್ಕೆ ಗೊತ್ತಿರೋ ಬೆಳಕು. ಆದ್ದರಿಂದ ಮನೆಯಲ್ಲಿ ಕಿಟಕಿ ಹತ್ತಿರ ಇಡಿ, ಮಧ್ಯಾಹ್ನದ ನೇರ ಬಿಸಿಲು ಮಾತ್ರ ತಾಗಿಸಬೇಡಿ, ಎಲೆ ಸುಟ್ಟುಹೋಗುತ್ತೆ. ಹಬ್ಬೋ ಜಾತಿಯಾದ್ರೆ ತೆಂಗಿನ ನಾರು ಸುತ್ತಿದ ಒಂದು ಕೋಲು ಕೊಡಿ. ಏರುತ್ತಾ ಹೋದಂತೆ ಎಲೆ ದೊಡ್ಡದಾಗುತ್ತೆ.

ಆದ್ರೆ ಉಷ್ಣವಲಯದ ಗಿಡಗಳನ್ನ ಯುರೋಪಿಗೆ ಸಾಗಿಸೋದು ಸುಲಭ ಇರಲಿಲ್ಲ. ತಿಂಗಳುಗಟ್ಟಲೆ ಪ್ರಯಾಣ, ಉಪ್ಪುಗಾಳಿ, ಕುಡಿಯೋ ನೀರಿಗೇ ತತ್ವಾರ. ಬಹಳಷ್ಟು ಗಿಡ ಸಮುದ್ರದಲ್ಲೇ ಸಾಯ್ತಿದ್ವು. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಒಂದು ಮುಚ್ಚಿದ ಬಾಟಲಿಯಲ್ಲಿ ಪತಂಗದ ಕೋಶ ಇಟ್ಟಿದ್ರು. ಒಳಗಿದ್ದ ಮಣ್ಣಿನಲ್ಲಿ ಜರೀಗಿಡ ಮೊಳೆಯಿತು. ನೀರು ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೇ ಇಳೀತಿತ್ತು. 1833ರಲ್ಲಿ ಇಂಥ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳನ್ನ ಸಿಡ್ನಿಗೆ ಕಳಿಸಿದ್ರು, ಬದುಕಿ ಮುಟ್ಟಿದವು. ಮುಂದೆ ಚೀನಾದ ಟೀ ಗಿಡಗಳು ಭಾರತಕ್ಕೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ. ಸಾಮ್ರಾಜ್ಯಗಳ ಲಾಜಿಸ್ಟಿಕ್ಸ್ ಅಂದ್ರೆ ಬರೀ ಫಿರಂಗಿ, ಹಡಗು ಅಲ್ಲ ನೋಡಿ.

ಯುರೋಪಿನ ಚಳಿಗೆ ಈ ಗಿಡಗಳು ಹೊರಗೆ ಬದುಕಲ್ಲ. ಅದಕ್ಕೇ ಬಿಸಿ ಮಾಡಿದ ಗಾಜಿನ ಮನೆ, ಆಮೇಲೆ ಬೈಠಕ್‌ಖಾನೆಯ ಮೂಲೆ. 'ಇಂಡೋರ್ ಪ್ಲಾಂಟ್' ಅನ್ನೋದು ಗಿಡದ ಸ್ವಭಾವ ಅಲ್ಲ, ಚಳಿದೇಶದ ಅನಿವಾರ್ಯತೆ. ನಮ್ಮಲ್ಲಿ ಮಾವಿನ ಮರದ ಕೆಳಗೋ, ನೆರಳು ಬಲೆಯ ಕೆಳಗೋ ಇದು ಆರಾಮಾಗಿ ಬೆಳೆಯುತ್ತೆ. ತಾಪಮಾನ 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಧಾನ, ಅಷ್ಟೇ. ಮಳೆಗಾಲದಲ್ಲಿ ಮಾತ್ರ ಕುಂಡದಲ್ಲಿ ನೀರು ನಿಲ್ಲಬಾರದು. ಬೇರಿಗೆ ಗಾಳಿ ಬೇಕು. ಮಣ್ಣಿಗೆ ತೆಂಗಿನ ನಾರು, ಇದ್ದಿಲ ಚೂರು ಬೆರೆಸಿ. ಬೆರಳಿಟ್ಟು ನೋಡಿ, ಮೇಲಿನ ಒಂದಂಗುಲ ಒಣಗಿದ ಮೇಲೆ ನೀರು ಹಾಕಿ. ಈ ಗಿಡ ಬಾಯಾರಿ ಸಾಯೋದಕ್ಕಿಂತ ಬೇರು ಕೊಳೆತು ಸಾಯೋದೇ ಹೆಚ್ಚು.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1928ರಲ್ಲಿ ಬ್ರೆಜಿಲ್‌ನ ಒಂದು ಕುಟುಂಬ ಬರ್ಲಿನ್‌ಗೆ ಹೋಯಿತು. ಮಗ ರೋಬರ್ಟೊ ಬರ್ಲೆ ಮಾರ್ಕ್ಸ್, 1909ರಲ್ಲಿ ಹುಟ್ಟಿದವರು. ಅಲ್ಲಿನ ಡಾಲೆಮ್ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಅವರು ಕಂಡದ್ದು ಏನು ಗೊತ್ತಾ? ತಮ್ಮದೇ ದೇಶದ ಗಿಡಗಳು. ಊರಲ್ಲಿ ಸಿರಿವಂತರ ತೋಟಗಳಲ್ಲಿ ಯುರೋಪಿನ ಗುಲಾಬಿ. ಕಾಡಿನ ಗಿಡ ಅಂದ್ರೆ ಅಸಡ್ಡೆ. ಇಲ್ಲಿ ಅದೇ ಗಿಡಗಳಿಗೆ ರಾಜಮರ್ಯಾದೆ!

ವಾಪಸ್ ಬಂದವರು ಬ್ರೆಜಿಲ್‌ನ ಗಿಡಗಳಿಂದಲೇ ತೋಟ ಕಟ್ಟೋಕೆ ಶುರು ಮಾಡಿದ್ರು. 1949ರಲ್ಲಿ ರಿಯೊ ಹತ್ತಿರ ಜಮೀನು ಕೊಂಡು ಗಿಡ ಕೂಡಿಸುತ್ತಾ ಹೋದ್ರು. ಇವತ್ತು ಅಲ್ಲಿ 3,500ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಒಂದು ಫಿಲೋಡೆಂಡ್ರಾನ್‌ಗೆ ಅವರದೇ ಹೆಸರಿದೆ. ಕಾಡು ಕಡಿಯೋದರ ವಿರುದ್ಧ ಬಹಿರಂಗವಾಗಿ ಮಾತಾಡಿದ ಮನುಷ್ಯ. 1985ರಲ್ಲಿ ಆ ತೋಟವನ್ನ ಸರ್ಕಾರಕ್ಕೇ ಬಿಟ್ಟುಕೊಟ್ಟರು, 1994ರಲ್ಲಿ ತೀರಿಕೊಂಡರು. 2021ರಲ್ಲಿ ಯುನೆಸ್ಕೊ ಅದನ್ನ ವಿಶ್ವ ಪರಂಪರೆಯ ತಾಣ ಅಂತ ಘೋಷಿಸಿತು.

ಇದು ಬ್ರೆಜಿಲ್ ಕಥೆ, ನಮಗೇನು ಅಂತೀರಾ? ಫಿಲೋಡೆಂಡ್ರಾನ್ ಕುಟುಂಬದ್ದೇ ಗಿಡ ನಮ್ಮ ಮಲೆನಾಡು, ಕರಾವಳಿಯಲ್ಲೂ ಇದೆ. ಮರಕೆಸು! ಮಳೆಗಾಲದಲ್ಲಿ ಮರದ ಮೇಲೆ ಚಿಗುರೋ ಕೆಸು. ಅದರ ಎಲೆಯಿಂದ ಪತ್ರೊಡೆ ಮಾಡುವಾಗ ಅಜ್ಜಿಯರು ಹುಣಸೆಹುಳಿ ಹಾಕೋದು ಯಾಕೆ? ಬಾಯಿ ತುರಿಸಬಾರದು ಅಂತ. ಎಲೆಯಲ್ಲಿರೋ ಸೂಜಿಯಂಥ ಆಕ್ಸಲೇಟ್ ಹರಳುಗಳೇ ತುರಿಕೆಗೆ ಕಾರಣ. ಫಿಲೋಡೆಂಡ್ರಾನ್‌ನಲ್ಲೂ ಅವೇ ಹರಳುಗಳಿವೆ. ಆದ್ದರಿಂದ ಪುಟ್ಟ ಮಕ್ಕಳು, ನಾಯಿ, ಬೆಕ್ಕು ಕಚ್ಚದ ಹಾಗೆ ಎತ್ತರದಲ್ಲಿಡಿ. ಬಳ್ಳಿ ಕತ್ತರಿಸಿದ ಮೇಲೆ ಕೈ ತೊಳ್ಕೊಳ್ಳಿ.

ಗುಲಾಬಿ ಮಚ್ಚೆಯ 'ಪಿಂಕ್ ಪ್ರಿನ್ಸೆಸ್' ಫಿಲೋಡೆಂಡ್ರಾನ್ ಒಂದು ಕಾಲಕ್ಕೆ ತುಂಬಾ ದುಬಾರಿಯಾಗಿತ್ತು. ಗುಲಾಬಿ ಭಾಗ ಆಹಾರ ತಯಾರಿಸಲ್ಲ, ಗಿಡ ನಿಧಾನ ಬೆಳೆಯುತ್ತೆ, ಆಗ ಸಪ್ಲೈ ಕಮ್ಮಿ ಇತ್ತು. ಕಾಮರ್ಸ್ ಓದಿದೋನಿಗೆ ಇದು ಅರ್ಥವಾಗುತ್ತೆ. ಆದ್ರೆ ಮರಕೆಸುವಿಗೆ ಅಂಥ ಮಾರ್ಕೆಟ್ ಇಲ್ಲ. ಅದಕ್ಕೆ ಬೇಕಿರೋದು ನರ್ಸರಿ ಅಲ್ಲ, ಪಾಚಿ ಕಟ್ಟಿದ ಹಳೇ ಮರ. ರಸ್ತೆ ಅಗಲ ಮಾಡೋಕೆ ಆ ಮರ ಉರುಳಿದಾಗ ಬರೀ ಮರದ ಲೆಕ್ಕ ಬರೀತಾರೆ, ಮೇಲಿದ್ದ ಕೆಸು ಯಾವ ಲೆಕ್ಕಕ್ಕೂ ಬರಲ್ಲ.

ಫಿಲೋಡೆಂಡ್ರಾನ್ ಬೆಳೆಸಿ, ಖಂಡಿತ ಬೆಳೆಸಿ. ಗಿಣ್ಣು ಇರೋ ಒಂದು ತುಂಡನ್ನ ನೀರಲ್ಲಿಟ್ಟರೆ ಬೇರು ಬರುತ್ತೆ, ಫ್ರೆಂಡ್‌ಗೂ ಕೊಡಿ. ಮುಂದಿನ ಮಳೆಗಾಲಕ್ಕೆ ಊರಿಗೆ ಹೋದಾಗ ಮನೆಯ ಹಿರಿಯರನ್ನ ಕೇಳಿ, ಮರಕೆಸು ಯಾವ ಮರದ ಮೇಲೆ ಬರ್ತಿತ್ತು ಅಂತ. ಆ ಮರ ಇನ್ನೂ ಇದ್ರೆ ನನಗೊಂದು ಮೆಸೇಜ್ ಹಾಕಿ. ಇಲ್ಲದಿದ್ರೂ ಹಾಕಿ. ಮುಂದಿನ ಕಂತಲ್ಲಿ ಸಿಗೋಣ.