ಹಾಡೂ ಹಾಡುವವರ ನಡತೆಯೂ

ನಾನು ಹುಡುಗನಾಗಿದ್ದಾಗ ನಮ್ಮ ನಡುಮನೆಯ ಗೋಡೆಗೂಡಿನಲ್ಲಿ ಒಂದು ರೇಡಿಯೋ ಇತ್ತು. ಸಂಗೀತದ ಹೊತ್ತಿಗೆ ಮನೆಯ ಹಿರಿಯರೊಬ್ಬರು ಅದರ ಮುಂದೆ ಚಾಪೆ ಹಾಸಿ ಕುಳಿತು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳುತ್ತಿದ್ದರು. ಒಂದು ಸಂಜೆ ಹಳೆಯ ಧ್ವನಿಮುದ್ರಿಕೆಯೊಂದು ಪ್ರಸಾರವಾಯಿತು. ಹಿರಿಯರ ತಲೆ ತಾನಾಗಿ ತೂಗಿತು. ‘ಭಲೆ’ ಎಂಬ ಮಾತೂ ಹೊರಬಿತ್ತು. ಹಾಡು ಮುಗಿದು ಗಾಯಕಿಯ ಹೆಸರು ಕೇಳಿಬಂದೊಡನೆ ಅವರು ಕಣ್ಣು ತೆರೆದು, ‘ಓ, ಆ ಮನೆತನದವಳೋ!’ ಎಂದು ಮುಖ ಸಿಂಡರಿಸಿ, ಎದ್ದು ಹೋಗಿ ರೇಡಿಯೋವನ್ನು ಆರಿಸಿಬಿಟ್ಟರು. ಒಮ್ಮೆ ಕೊಟ್ಟ ‘ಭಲೆ’ಯನ್ನು ಹಿಂದಕ್ಕೆ ಪಡೆಯಲು ಬರುವುದೇ ಎಂಬ ಪ್ರಶ್ನೆ ನನ್ನ ಬಾಯ ತುದಿಗೆ ಬಂದಿತ್ತು. ಕೇಳುವ ಧೈರ್ಯವಾಗಲಿಲ್ಲ.

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಋಷಿಗೂ ನದಿಗೂ ತೋರಿದ ಈ ಔದಾರ್ಯವನ್ನು ಗಾಯಕರಿಗೆ, ಅದರಲ್ಲಿಯೂ ಗಾಯಕಿಯರಿಗೆ, ನಾವು ತೋರಿದ್ದು ಕಡಮೆ. ಹಾಡುವವರ ನಡತೆ, ಅವರ ರಾಜಕೀಯ ನಿಲುವು, ಇವು ಹಾಡಿನ ಸವಿಯನ್ನು ಕೆಡಿಸಬೇಕೇ, ಕೆಡಿಸಬಾರದೇ? ತರ್ಕದಿಂದ ಈ ಪ್ರಶ್ನೆಯನ್ನು ಬಗೆಹರಿಸಲು ಹೊರಟರೆ ವಾದಕ್ಕೆ ಕೊನೆಯಿರದು. ಚರಿತ್ರೆಯ ಎರಡು ನಿದರ್ಶನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ದಾರಿ ಸ್ವಲ್ಪ ತಿಳಿಯಾದೀತು.

ಮೊದಲನೆಯದು ನಮ್ಮ ನಾಡಿನ ಹೆಣ್ಣುಮಗಳೊಬ್ಬಳದು. 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿದ ನಾಗರತ್ನಮ್ಮ, ಬೆಂಗಳೂರಿನ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿಕೊಂಡು, ಮದರಾಸಿನಲ್ಲಿ ನೆಲೆಸಿ, ಸಂಗೀತದಿಂದ ಕೀರ್ತಿಯನ್ನೂ ಧನವನ್ನೂ ಗಳಿಸಿದಳು. ಕನ್ನಡ, ತೆಲುಗು, ಸಂಸ್ಕೃತಗಳನ್ನು ಕಲಿತ ವಿದುಷಿ. ಹದಿನೆಂಟನೆಯ ಶತಮಾನದ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಗಣಿಕೆಯು ತೆಲುಗಿನಲ್ಲಿ ರಚಿಸಿದ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ಆಕೆ ಪರಿಷ್ಕರಿಸಿ 1910ರಲ್ಲಿ ಅಚ್ಚು ಹಾಕಿಸಿದಳು. ಆ ಕಾವ್ಯವನ್ನೂ ಅದರ ಕರ್ತೃವಿನ ಕುಲವನ್ನೂ ಆಂಧ್ರದ ಹೆಸರಾಂತ ಸಮಾಜ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಅದಕ್ಕೆ ಮೊದಲೇ ಹಳಿದಿದ್ದರು. ನಾಗರತ್ನಮ್ಮ ಹಿಂಜರಿಯದೆ ಮಾರುತ್ತರ ಕೊಟ್ಟಳು. ಲಜ್ಜೆಯೆಂಬುದು ಹೆಂಗಸರಿಗೆ ಮಾತ್ರ ಮೀಸಲೇ, ಪುರುಷ ಕವಿಗಳು ಶೃಂಗಾರವನ್ನು ಇದಕ್ಕಿಂತ ಬಿಚ್ಚಿ ಬರೆದಾಗ ಅದು ಹೇಗೆ ಕಾವ್ಯವಾಯಿತು, ಎಂಬುದೇ ಆಕೆಯ ಪ್ರಶ್ನೆಯ ಸಾರ. ಉತ್ತರ ಬರಲಿಲ್ಲ, 1911ರಲ್ಲಿ ಸರ್ಕಾರದ ನಿಷೇಧ ಬಂತು. ಅದು ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರು ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದಾಗ.

ತಿರುವಯ್ಯಾರಿನ ಕಥೆ ಇದಕ್ಕಿಂತ ಮನಮುಟ್ಟುವಂಥದು. 1847ರಲ್ಲಿ ದೇಹಬಿಟ್ಟ ತ್ಯಾಗರಾಜರ ಸಮಾಧಿ ಕಾವೇರಿಯ ದಡದಲ್ಲಿ ಪಾಳುಬಿದ್ದಿತ್ತು. ಆರಾಧನೆ ಮಾಡುತ್ತಿದ್ದ ವಿದ್ವಾಂಸರು ಎರಡು ಕಟ್ಟುಗಳಾಗಿ ಒಡೆದಿದ್ದರು. ಈ ಎರಡು ಕಟ್ಟುಗಳಿಗೂ ಒಮ್ಮತವಿದ್ದ ವಿಷಯಗಳಲ್ಲಿ ಒಂದೆಂದರೆ, ಹೆಂಗಸರು ಅಲ್ಲಿ ಹಾಡಕೂಡದೆಂಬುದು. ನಾಗರತ್ನಮ್ಮ ತಾನು ಹಾಡಿ ಸಂಪಾದಿಸಿದ ಹಣದಿಂದ ಆ ಸಮಾಧಿಗೆ ಗುಡಿ ಕಟ್ಟಿಸಿದಳು, 1925ರಲ್ಲಿ ಪ್ರತಿಷ್ಠೆಯಾಯಿತು. ಗುಡಿ ಕಟ್ಟಿಸಿದವಳ ಹಣ ಸಲ್ಲುತ್ತದೆ, ಕಂಠ ಸಲ್ಲುವುದಿಲ್ಲ! ಆಕೆ ಜಗಳಕ್ಕೆ ನಿಲ್ಲದೆ, ಹೆಂಗಸರದೇ ಒಂದು ಮೂರನೆಯ ಕಟ್ಟನ್ನು ಕಟ್ಟಿ, ತನ್ನವರೊಡನೆ ಸ್ವಾಮಿಗಳ ಮುಂದೆ ಹಾಡಿದಳು. 1940ರ ಸುಮಾರಿಗೆ ಮೂರು ಕಟ್ಟುಗಳೂ ಒಂದಾದ ಬಳಿಕ ಹೆಂಗಸರಿಗೂ ಆರಾಧನೆಯಲ್ಲಿ ಎಡೆ ದೊರೆಯಿತು. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿ ಇಂದು ತ್ಯಾಗರಾಜರ ಸಮಾಧಿಯ ಹತ್ತಿರದಲ್ಲಿಯೇ ಇದೆ.

ನಮ್ಮ ಬಾನುಲಿಯೂ ಈ ತಪ್ಪಿನಿಂದ ಹೊರತಾಗಿರಲಿಲ್ಲವೆಂಬುದನ್ನು ಇದೇ ಪುಟಗಳಲ್ಲಿ ಹೇಳುವುದು ನ್ಯಾಯ. ರೇಡಿಯೋದ ಮೊದಲ ವರ್ಷಗಳಲ್ಲಿ, ಸಂಸಾರಸ್ಥ ಹೆಂಗಸರು ಧ್ವನಿಗ್ರಾಹಕದ ಮುಂದೆ ಬರಲು ಅಂಜುತ್ತಿದ್ದಾಗ, ಅದಕ್ಕೆ ಹೆಣ್ಣುದನಿಯನ್ನು ಕೊಟ್ಟವರಲ್ಲಿ ದೇವದಾಸಿ ಮತ್ತು ತವಾಯಫ್ ಮನೆತನದವರೇ ಮುಖ್ಯರು. 1946ರಲ್ಲಿ ಮಧ್ಯಂತರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ಸರ್ದಾರ್ ಪಟೇಲರು ವಹಿಸಿಕೊಂಡ ಮೇಲೆ, ಯಾರ ಖಾಸಗಿ ಬಾಳು ಲೋಕಾಪವಾದಕ್ಕೆ ಗುರಿಯಾಗಿದೆಯೋ ಅಂಥವರಿಗೆ ಪ್ರಸಾರದಲ್ಲಿ ಎಡೆಯಿಲ್ಲವೆಂಬ ನಿರ್ದೇಶ ಹೊರಟಿತು. ಉದ್ದೇಶ ರಾಷ್ಟ್ರದ ಶೀಲರಕ್ಷಣೆಯೇ ಇದ್ದಿರಬಹುದು. ಪೆಟ್ಟು ಬಿದ್ದದ್ದು ಮಾತ್ರ ಹೆಚ್ಚಾಗಿ ಉತ್ತರ ದೇಶದ ಗಾಯಕಿಯರ ಮೇಲೆ. ಆ ಮನೆಗಳ ಮೆಟ್ಟಿಲು ಹತ್ತಿಳಿದ ಶ್ರೀಮಂತರ ನಡತೆಯನ್ನು ಯಾವ ನಿರ್ದೇಶವೂ ವಿಚಾರಿಸಲಿಲ್ಲ. ಇದಕ್ಕೆ ಮೊದಲು, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಯ ಗೌಹರ್ ಜಾನಳನ್ನು ಮೈಸೂರಿನ ಆಸ್ಥಾನಕ್ಕೆ ಬರಮಾಡಿಕೊಂಡಿದ್ದರು. 1902ರಲ್ಲಿ ಗ್ರಾಮಫೋನಿಗೆ ಹಾಡಿದ ಮೊದಮೊದಲ ಭಾರತೀಯರಲ್ಲೊಬ್ಬಳಾದ ಆಕೆ 1930ರಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದಳು. ಅದರಿಂದ ಮೈಸೂರಿನ ಶೀಲಕ್ಕೇನೂ ಕುಂದು ಬಂದಂತೆ ಕಾಣೆ.

ಹಾಗಾದರೆ ನಡತೆಯ ಮಾತನ್ನೇ ಎತ್ತಬಾರದೆಂದು ತೀರ್ಮಾನಿಸಿಬಿಡೋಣವೇ? ಅಷ್ಟು ಅವಸರ ಬೇಡ. ಎರಡನೆಯ ನಿದರ್ಶನವು ದೂರದ ಜರ್ಮನಿಯದು. ಅದು ನಮ್ಮನ್ನು ತಡೆದು ನಿಲ್ಲಿಸುತ್ತದೆ.

ರಿಚರ್ಡ್ ವಾಗ್ನರ್ ಹತ್ತೊಂಬತ್ತನೆಯ ಶತಮಾನದ ಮಹಾ ಗೀತನಾಟಕಕಾರ. ಯೂರೋಪಿನ ಸಂಗೀತದ ಗತಿಯನ್ನೇ ಬದಲಿಸಿದವನು ಎಂಬುದರಲ್ಲಿ ಸಂಶಯವಿಲ್ಲ. ಅವನೇ 1850ರಲ್ಲಿ, ಹೆಸರು ಮರೆಸಿಕೊಂಡು, ಯಹೂದಿಗಳಿಗೆ ನಿಜವಾದ ಸಂಗೀತಸೃಷ್ಟಿಯ ಶಕ್ತಿಯೇ ಇಲ್ಲವೆಂದು ದ್ವೇಷದ ಲೇಖನವೊಂದನ್ನು ಬರೆದನು; 1869ರಲ್ಲಿ ಅದನ್ನು ತನ್ನ ಹೆಸರಿನಿಂದಲೇ ಮತ್ತೆ ಅಚ್ಚು ಮಾಡಿಸಿದನು. ವಿಚಿತ್ರವೆಂದರೆ ಅವನ ಕೊನೆಯ ಕೃತಿಯಾದ ‘ಪಾರ್ಸಿಫಾಲ್’ ಅನ್ನು 1882ರಲ್ಲಿ ಮೊದಲು ನಿರ್ದೇಶಿಸಿದವನು ಹೆರ್ಮಾನ್ ಲೇವಿ, ಒಬ್ಬ ಯಹೂದಿ ಧರ್ಮಗುರುವಿನ ಮಗ. ಮರುವರ್ಷ ವಾಗ್ನರ್ ತೀರಿಕೊಂಡನು. ಅವನು ಸತ್ತ ಆರು ವರ್ಷಗಳ ಮೇಲೆ ಹುಟ್ಟಿದ ಹಿಟ್ಲರ್ ಅವನ ಸಂಗೀತವನ್ನು ಆರಾಧಿಸಿ, ತನ್ನ ಆಳ್ವಿಕೆಯ ಮೆರವಣಿಗೆಗೆ ಅದನ್ನು ಬಳಸಿಕೊಂಡನು.

1936ರಲ್ಲಿ ಪ್ಯಾಲೆಸ್ಟೈನಿನಲ್ಲಿ, ಯೂರೋಪಿನಿಂದ ಬಂದ ಯಹೂದಿ ವಾದಕರನ್ನು ಕೂಡಿಸಿ ಒಂದು ವಾದ್ಯವೃಂದವನ್ನು ಕಟ್ಟಲಾಯಿತು. ಮೊದಲು ಅದು ವಾಗ್ನರನನ್ನು ಒಲ್ಲೆನೆನ್ನಲಿಲ್ಲ. 1938ರ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯಹೂದಿಗಳ ಮಂದಿರಗಳನ್ನು ಸುಟ್ಟು ಅಂಗಡಿಗಳನ್ನು ಒಡೆದ ಸುದ್ದಿ ಬಂದಾಗ, ಗೊತ್ತಾಗಿದ್ದ ಅವನ ಕೃತಿಯನ್ನು ಕಾರ್ಯಕ್ರಮದಿಂದ ತೆಗೆದುಹಾಕಿದರು. ಅಂದಿನಿಂದ ಆ ನಾಡಿನ ಕಚೇರಿಗಳಲ್ಲಿ ಅವನ ಸಂಗೀತವನ್ನು ನುಡಿಸದಿರುವುದು ವಾಡಿಕೆಯಾಯಿತು. ಕಾನೂನಿನ ಕಟ್ಟಲ್ಲ, ಮನಸ್ಸಿನ ಕಟ್ಟು. 1981ರಲ್ಲಿ ನಮ್ಮ ಮುಂಬಯಿಯವರೇ ಆದ ಜುಬಿನ್ ಮೆಹ್ತಾ ಟೆಲ್ ಅವೀವಿನಲ್ಲಿ ಇದನ್ನು ಸಡಿಲಿಸಲು ಯತ್ನಿಸಿ, ಕೇಳಲಾರದವರು ಎದ್ದು ಹೋಗಬಹುದೆಂದು ಮೊದಲೇ ತಿಳಿಸಿ ನುಡಿಸಲು ತೊಡಗಿದಾಗ ಸಭೆಯಲ್ಲಿ ಗದ್ದಲವಾಯಿತು. 2001ರಲ್ಲಿ ಡೇನಿಯಲ್ ಬ್ಯಾರನ್‌ಬಾಯ್ಮ್ ಜೆರೂಸಲೆಮ್ಮಿನಲ್ಲಿ, ಗೊತ್ತಾದ ಕಚೇರಿ ಮುಗಿದ ಮೇಲೆ, ಶ್ರೋತೃಗಳೊಡನೆ ಅರ್ಧ ಗಂಟೆ ಚರ್ಚಿಸಿ ವಾಗ್ನರನ ಒಂದು ಭಾಗವನ್ನು ನುಡಿಸಿದನು. ಕೆಲವರು ಬಾಗಿಲು ಬಡಿದು ಹೊರನಡೆದರು. ಉಳಿದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ಎರಡು ಕಥೆಗಳಲ್ಲಿಯೂ ಮಾಡಿದ್ದು ಒಂದೇ ಕೆಲಸ, ಕಿವಿ ಮುಚ್ಚಿಕೊಂಡದ್ದು. ಆದರೆ ಎರಡೂ ಒಂದೇ ಅಲ್ಲ. ನಾಗರತ್ನಮ್ಮನಿಂದ ತಿರುವಯ್ಯಾರಿನ ಯಾರಿಗೆ ಯಾವ ನೋವಾಗಿತ್ತು? ಆಕೆಯನ್ನು ತಡೆದವರು ನೊಂದವರಲ್ಲ, ತಡೆಯಬಲ್ಲ ಸ್ಥಾನದಲ್ಲಿದ್ದವರು. ಆಕೆಯ ಹುಟ್ಟನ್ನೇ ಆಕೆಯ ನಡತೆಯೆಂದು ಎಣಿಸಿದರು. ಅತ್ತ ಟೆಲ್ ಅವೀವಿನ ಸಭೆಯಲ್ಲಿ ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರಿದ್ದರು. ಆ ಸ್ವರಗಳು ಅವರಿಗೆ ಬರಿಯ ಸ್ವರಗಳಾಗಿ ಕೇಳಿಸುವಂತಿರಲಿಲ್ಲ. ‘ನೀವು ಸಹೃದಯರಾಗಿ, ಕಲೆ ಬೇರೆ ಕಲಾವಿದ ಬೇರೆ’ ಎಂದು ಅವರಿಗೆ ಉಪದೇಶಿಸಲು ನಾನಂತೂ ಹೋಗಲಾರೆ.

ನಡತೆಯ ಮಾತು ಬಂದಾಗ ನಾವು ಮೊದಲು ಕೇಳಬೇಕಾದದ್ದು, ‘ಇವರು ಎಂಥವರು?’ ಎಂದಲ್ಲ, ‘ಇವರಿಂದ ಯಾರಿಗೆ ನೋವಾಯಿತು?’ ಎಂದು. 2018ರಲ್ಲಿ, ಹೆಣ್ಣುಮಕ್ಕಳನ್ನು ಪೀಡಿಸಿದರೆಂಬ ಆರೋಪಕ್ಕೆ ಗುರಿಯಾದ ಏಳು ಮಂದಿ ಕಲಾವಿದರನ್ನು ಮದರಾಸಿನ ಸಂಗೀತ ಅಕಾಡೆಮಿಯು ಆ ವರ್ಷದ ಉತ್ಸವದಿಂದ ಕೈಬಿಟ್ಟಾಗ, ಹಲವರು ಇದನ್ನೂ ಹಳೆಯ ಮಡಿವಂತಿಕೆಯೆಂದರು. ಆರೋಪ ನಿಜವೋ ಸುಳ್ಳೋ ವಿಚಾರಣೆಯಿಂದ ತಿಳಿಯಬೇಕಾದ ಮಾತು. ಆದರೆ ನೊಂದೆವೆಂದು ಹೇಳುವವರು ಅಲ್ಲಿ ಇದ್ದರು. ಅವರ ಮಾತಿಗೆ ಕಿವಿಗೊಟ್ಟದ್ದು ಮಡಿವಂತಿಕೆಯಲ್ಲ.

ಕೇಳುವವನ ಪಾಡು ಇದರಿಂದ ಸುಲಭವಾಗಲಿಲ್ಲವೆಂಬುದನ್ನು ಒಪ್ಪುತ್ತೇನೆ. ವಾಗ್ನರನ ಸಂಗೀತ ಇಂಪಾಗಿದ್ದರೆ ಇಂಪೆಂದೇ ಹೇಳಬೇಕು. ಅವನ ದ್ವೇಷವನ್ನು ಮರೆಮಾಚಲೂ ಬಾರದು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಕಷ್ಟ. ಒಂದನ್ನು ಬಿಟ್ಟುಬಿಡುವುದು ಸುಲಭ, ಆದರೆ ಸುಳ್ಳು.

ನಮ್ಮ ಮನೆಯ ಆ ಹಿರಿಯರು ಈಗಿಲ್ಲ. ಇದ್ದಿದ್ದರೆ ಅವರಿಗೆ ಇಷ್ಟನ್ನು ಹೇಳುತ್ತಿದ್ದೆ: ಕಣ್ಣು ಮುಚ್ಚಿ ಕೇಳಿದಾಗ ನೀವು ಕೊಟ್ಟ ‘ಭಲೆ’ಯೇ ಸರಿ. ಆಕೆ ನಿಮಗೆ ಮಾಡಿದ ಅಪಕಾರವೇನೂ ಇರಲಿಲ್ಲ. ಆ ಸಂಜೆ ಕೊಟ್ಟದ್ದು ಒಂದು ಒಳ್ಳೆಯ ಹಾಡು ಮಾತ್ರ.